ಗೆಳೆಯರ ಜೊತೆ ತುಮಕೂರಿನ ಹೋಟೆಲುಗಳಲ್ಲಿ ಉಂಡು, ನ್ಯಾಯವಾಗಿ ವಿಮರ್ಶೆ ಬರೆಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ನಾವು ಐದು ಜನ. ತಿಂಗಳಿಗೆ ಎರಡು ಸಲ ತುಮಕೂರಿನ ಯಾವುದಾದರೂ ಹೋಟೆಲಿಗೆ ಹೋಗಿ, ಕೂತು ಉಂಡು, ಬಂದು ಬರೆಯುತ್ತೇವೆ. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಒಬ್ಬ ಬಸ್ ಕಂಡಕ್ಟರ್, ಒಬ್ಬಳು ಬ್ಯಾಂಕಿನಲ್ಲಿದ್ದಾಳೆ, ಒಬ್ಬನದು ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ, ಐದನೆಯವನು ನಾನು. ಶುರುವಾಗಿದ್ದು ಸಿಟ್ಟಿನಿಂದ. ನಾವು ಕಾಲೇಜಿನ ದಿನಗಳಿಂದ ತಿಂದುಕೊಂಡು ಬಂದ ಒಂದು ಹಳೇ ಹೋಟೆಲಿನ ಬಗ್ಗೆ ಯಾರೋ "ವೇಸ್ಟ್, ಹೋಗ್ಬೇಡಿ" ಅಂತ ಎರಡೇ ಪದ ಬರೆದು ಒಂದು ಸ್ಟಾರ್ ಒತ್ತಿದ್ದರು. ಅದರ ಕೆಳಗೇ ಇನ್ನೊಬ್ಬರು "ಸೂಪರ್ ಟೇಸ್ಟ್" ಅಂತ ಐದು ಸ್ಟಾರ್ ಕೊಟ್ಟಿದ್ದರು. ಶಿರಾ ಬಸ್ಸಿನಿಂದ ಇಳಿದು ಹಸಿದು ನಿಂತವನಿಗೆ ಈ ಎರಡರಿಂದ ಏನು ಉಪಯೋಗ? ಏನು ತಿಂದರು, ಎಷ್ಟು ಹೊತ್ತಿಗೆ ಹೋಗಿದ್ದರು, ಎಷ್ಟು ದುಡ್ಡು ಕೊಟ್ಟರು, ಒಂದೂ ಇಲ್ಲ. ಬೆಳಗಿನ ನಾಲ್ಕಕ್ಕೇ ಎದ್ದು ಒಲೆ ಹಚ್ಚುವವರ ದುಡಿಮೆಯನ್ನು ಎರಡು ಪದದಲ್ಲಿ ತಳ್ಳಿಹಾಕುವುದು ನನಗೆ ಅನ್ಯಾಯ ಅನ್ನಿಸಿತು. ಅದೇ ಎರಡು ಪದದಲ್ಲಿ ಹೊಗಳುವುದೂ ಅಷ್ಟೇ. ಅವತ್ತಿನಿಂದ ಕಲಿತದ್ದನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಗುಂಪು ಕಟ್ಟಿಕೊಳ್ಳಿ

ನಾಲ್ಕರಿಂದ ಆರು ಜನ ಇದ್ದರೆ ಸಾಕು. ಇಬ್ಬರೇ ಆದರೆ ಎರಡು ತಟ್ಟೆ ಮುಗಿಸುವಷ್ಟರಲ್ಲಿ ಹೊಟ್ಟೆ ತುಂಬುತ್ತದೆ, ಅಡುಗೆಯ ಅರ್ಧವೂ ರುಚಿ ನೋಡಿದ ಹಾಗಾಗುವುದಿಲ್ಲ. ಎಂಟು ಹತ್ತು ಜನ ಆದರೆ ಟೇಬಲ್ ಜೋಡಿಸಬೇಕು, ಸಪ್ಲೈಯರ್ ಗಾಬರಿಯಾಗುತ್ತಾನೆ, ಒಬ್ಬನ ದೋಸೆ ಆರಿಹೋದ ಮೇಲೆ ಇನ್ನೊಬ್ಬನ ಪೂರಿ ಬರುತ್ತದೆ.

ಎಲ್ಲರದೂ ಒಂದೇ ನಾಲಿಗೆ ಆಗಬಾರದು. ನಮ್ಮಲ್ಲಿ ಮೇಷ್ಟ್ರು ಸಸ್ಯಾಹಾರಿ. ಕಂಡಕ್ಟರ್‌ಗೆ ಬೋಟಿ, ತಲೆಮಾಂಸ ಎಲ್ಲ ಸೇರುತ್ತದೆ. ಬ್ಯಾಂಕಿನ ಗೆಳತಿಗೆ ಖಾರ ಆಗುವುದಿಲ್ಲ. ಅವಳು ಖಾರ ಅಂದರೆ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೂ ಅದು ಖಾರವೇ. ಮಂಡಿಯವನಂತೂ ಪಲ್ಯದ ಬೀನ್ಸ್ ಬಾಯಿಗಿಟ್ಟು ಇವತ್ತಿನದೋ ಮೊನ್ನೆಯದೋ ಅಂತ ಹೇಳಿಬಿಡುತ್ತಾನೆ. ತಲೆಗೆ ಎಷ್ಟು ಖರ್ಚು ಅನ್ನುವುದನ್ನು ಮನೆಯಿಂದ ಹೊರಡುವ ಮುಂಚೆಯೇ ಮಾತಾಡಿಕೊಳ್ಳಿ. ಬಿಲ್ ಬಂದ ಮೇಲೆ ಮಾತಾಡಿದರೆ ಸ್ನೇಹಕ್ಕೆ ಹುಳಿ ಬೀಳುತ್ತದೆ.

ಎರಡನೇ ಹೆಜ್ಜೆ: ಆ ಹೋಟೆಲು ಏನಕ್ಕೆ ಹೆಸರಾಗಿದೆಯೋ ಅದಕ್ಕೇ ಹೋಗಿ

ಕ್ಯಾತ್ಸಂದ್ರದಲ್ಲಿ ಕೂತು ನೂಡಲ್ಸ್ ತರಿಸಿಕೊಂಡು ಚೆನ್ನಾಗಿಲ್ಲ ಅಂತ ಬರೆದವರನ್ನು ನೋಡಿದ್ದೇನೆ. ಕ್ಯಾತ್ಸಂದ್ರ ಹೆಸರಾಗಿರುವುದು ತಟ್ಟೆ ಇಡ್ಲಿಗೆ. ಬೆಂಗಳೂರು ಕಡೆಯಿಂದ ಹೆದ್ದಾರಿಯಲ್ಲಿ ಬರುವವರು ಕಾರು ನಿಲ್ಲಿಸುವುದೇ ಅದಕ್ಕಾಗಿ. ಹಾಗೆಯೇ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತಲ ಮೆಸ್ಸುಗಳನ್ನು ಅಳೆಯಬೇಕಾದದ್ದು, ಹಾಸ್ಟೆಲ್ ಹುಡುಗರು ದಿನಾ ತಿಂದರೂ ಬೇಜಾರಾಗದ ಅನ್ನ ಸಾರು ಕೊಡುತ್ತಾರೋ ಇಲ್ಲವೋ ಅನ್ನುವುದರಿಂದ. ಮಿಲ್ಟ್ರಿ ಹೋಟೆಲಿಗೆ ಹೋದರೆ ಮುದ್ದೆ, ಸಾರು, ಚಾಪ್ಸ್. ಬಿ.ಎಚ್. ರಸ್ತೆಯ ದೊಡ್ಡ ಹೋಟೆಲಿನಲ್ಲಿ ಎಲ್ಲವೂ ಸಿಗುತ್ತದೆ, ಆದರೆ ಅಲ್ಲೂ ಸುತ್ತಲ ಟೇಬಲ್ಲಿನವರು ಏನು ತರಿಸಿಕೊಳ್ಳುತ್ತಿದ್ದಾರೆ ಅಂತ ಒಂದು ಸಲ ಕಣ್ಣಾಡಿಸಿ. ದಿನಾ ಬರುವವರು ಕೇಳುವುದೇ ಆ ಅಡುಗೆಮನೆಯ ಗಟ್ಟಿ ಕೆಲಸ.

ಇಲ್ಲೊಂದು ಮಾತು ಹೇಳಲೇಬೇಕು. ಸಿದ್ಧಗಂಗಾ ಮಠದ ದಾಸೋಹದಲ್ಲಿ ಉಂಡು ಬಂದು ಅದಕ್ಕೆ ಸ್ಟಾರ್ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಅದು ಪ್ರಸಾದ. 2019ರ ಜನವರಿಯಲ್ಲಿ, ತಮ್ಮ 111ನೇ ವಯಸ್ಸಿನಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮೀಜಿ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟ ಜಾಗ. ಅಲ್ಲಿಂದ ತರಬೇಕಾದದ್ದು ಎಲೆಯಲ್ಲಿ ಅಗುಳು ಬಿಡದೆ ಉಣ್ಣುವ ಅಭ್ಯಾಸ. ನಮ್ಮ ಗುಂಪಿನ ಮೊದಲ ನಿಯಮವೂ ಅದೇ: ರುಚಿ ನೋಡುವ ನೆಪದಲ್ಲಿ ಟೇಬಲ್ ತುಂಬ ತರಿಸಿ ಅರ್ಧ ಬಿಟ್ಟು ಏಳುವಂತಿಲ್ಲ.

ಮೂರನೇ ಹೆಜ್ಜೆ: ಹೋಟೆಲಿನ ಹೊತ್ತು ನೋಡಿಕೊಳ್ಳಿ

ನಾನು ಮಾಡಿದ ದೊಡ್ಡ ತಪ್ಪು ಇದೇ ವಿಷಯದಲ್ಲಿ. ಒಂದು ದಿನ ಹನ್ನೊಂದೂವರೆಗೆ ಒಂದು ಹೋಟೆಲಿಗೆ ಹೋಗಿ ಇಡ್ಲಿ ವಡೆ ತಿಂದು, "ಸಾಂಬಾರ್ ನೀರು, ವಡೆ ರಬ್ಬರ್" ಅಂತ ಬರೆದೆ. ವಾರ ಬಿಟ್ಟು ಅದೇ ಕಡೆ ಎಂಟು ಗಂಟೆಗೆ ಹೋದರೆ ವಡೆ ಮುರಿದ ಸದ್ದು ಪಕ್ಕದ ಟೇಬಲ್ಲಿಗೆ ಕೇಳುತ್ತಿತ್ತು. ಕ್ಯಾಷ್ ಕೌಂಟರಿನಲ್ಲಿದ್ದ ಯಜಮಾನರನ್ನು ಕೇಳಿದೆ. "ಹನ್ನೊಂದೂವರೆ ಅಂದ್ರೆ ತಿಂಡಿ ಮುಗ್ದು ಊಟ ಶುರುವಾಗದ ಹೊತ್ತಲ್ವಾ ಸಾರ್? ಬೆಳಗಿನ ಸಾಂಬಾರಿಗೆ ಬಿಸಿನೀರು ಬೀಳ್ತದೆ, ಊಟದ ಸಾಂಬಾರು ಇನ್ನೂ ಒಲೆ ಮ್ಯಾಲಿರ್ತದೆ" ಅಂದರು. ಸುಳ್ಳು ಹೇಳಲಿಲ್ಲ, ಮುಚ್ಚಿಡಲೂ ಇಲ್ಲ. ಅವತ್ತು ರಾತ್ರಿ ಬರೆದದ್ದನ್ನು ತಿದ್ದಿದೆ, ಯಾಕೆ ತಿದ್ದಿದೆ ಅನ್ನುವುದನ್ನೂ ಸೇರಿಸಿದೆ.

ಹಾಗಾಗಿ ತಿಂಡಿಗೆ ಏಳರಿಂದ ಒಂಬತ್ತೂವರೆ ಒಳಗೆ, ಊಟಕ್ಕೆ ಹನ್ನೆರಡೂವರೆಯಿಂದ ಎರಡರ ಒಳಗೆ, ಬೋಂಡ ಬಜ್ಜಿಗೆ ಸಂಜೆ ಬಾಣಲೆ ಕಾದ ಮೇಲೆ ಹೋಗಿ. ಮಾಂಸದೂಟಕ್ಕೆ ವಾರವನ್ನೂ ನೋಡಬೇಕು. ಸೋಮವಾರ, ಶನಿವಾರ ಮತ್ತು ಶ್ರಾವಣದಲ್ಲಿ ಬಹಳ ಮನೆಗಳಲ್ಲಿ ಮಾಂಸ ಮುಟ್ಟುವುದಿಲ್ಲ, ಅವತ್ತು ಮಿಲ್ಟ್ರಿ ಹೋಟೆಲಿನಲ್ಲಿ ವ್ಯಾಪಾರ ಕಮ್ಮಿ. ಭಾನುವಾರ ಸಾರು ತಾಜಾ ಇರುತ್ತದೆ, ಕೂರಲು ಜಾಗ ಇರುವುದಿಲ್ಲ. ಬುಧವಾರ ಮಧ್ಯಾಹ್ನ ನಮಗೆ ಸರಿಹೋಗಿದೆ. ಬೇಕೆಂದೇ ಹೊತ್ತು ಮೀರಿ ಹೋಗುವುದಾದರೆ ಹೋಗಿ, ಆದರೆ ಎಷ್ಟು ಗಂಟೆಗೆ ಹೋಗಿದ್ದಿರಿ ಅನ್ನುವುದು ವಿಮರ್ಶೆಯ ಮೊದಲ ಸಾಲಿನಲ್ಲೇ ಇರಲಿ.

ನಾಲ್ಕನೇ ಹೆಜ್ಜೆ: ತರಿಸಿಕೊಳ್ಳುವ ಕ್ರಮ

ಕೂತ ತಕ್ಷಣ ಐದು ಮಸಾಲೆ ದೋಸೆ ಹೇಳಬೇಡಿ. "ಅಣ್ಣಾ, ಈಗ ಏನು ಬಿಸಿ ಐತೆ?" ಅಂತ ಕೇಳಿ. ಬಹುತೇಕ ಸಪ್ಲೈಯರ್‌ಗಳು ನಿಜವನ್ನೇ ಹೇಳುತ್ತಾರೆ, ತಣ್ಣಗಾದದ್ದನ್ನು ತಂದಿಟ್ಟರೆ ಬೈಸಿಕೊಳ್ಳುವವರು ಅವರೇ ತಾನೆ. ಎರಡು ಸುತ್ತಿನಲ್ಲಿ ತರಿಸಿ. ಮೊದಲ ಸುತ್ತಿಗೆ ಎಲ್ಲ ಹೋಟೆಲಿನಲ್ಲೂ ಸಿಗುವ ಒಂದೆರಡು ಇರಲಿ: ಸಸ್ಯಾಹಾರಿ ಹೋಟೆಲಿನಲ್ಲಿ ನಾವು ಯಾವಾಗಲೂ ಇಡ್ಲಿ, ಕಾಫಿ ಹೇಳುತ್ತೇವೆ, ಮಾಂಸಾಹಾರಿಯಲ್ಲಿ ಮುದ್ದೆ ಮತ್ತು ಸಾರು. ಒಂದು ಕಡೆಯದನ್ನು ಇನ್ನೊಂದು ಕಡೆಯದಕ್ಕೆ ಹೋಲಿಸಬೇಕಾದರೆ ಎರಡೂ ಕಡೆ ತಿಂದದ್ದು ಒಂದೇ ಆಗಿರಬೇಕಲ್ಲ. ಎರಡನೇ ಸುತ್ತಿನಲ್ಲಿ ಒಬ್ಬೊಬ್ಬರು ಒಂದೊಂದು ಬೇರೆ ಬೇರೆ ತಿಂಡಿ.

ವಿಮರ್ಶೆ ಬರೆಯುತ್ತೇವೆ ಅಂತ ಹೇಳಿಕೊಳ್ಳಬೇಡಿ. ಹೇಳಿದರೆ ಬೆಣ್ಣೆ ದಪ್ಪ ಆಗುತ್ತದೆ, ಬಿಲ್ ತೆಳ್ಳಗಾಗುತ್ತದೆ. ಪುಕ್ಕಟೆ ಕೊಟ್ಟರೆ ತಗೊಳ್ಳಬೇಡಿ. ಯಜಮಾನರು ಪ್ರೀತಿಯಿಂದ ಒಂದು ಕಾಫಿ ಕೊಟ್ಟರೆ ಕುಡಿಯಬಹುದು, ಆದರೆ ಕುಡಿದೆವು ಅನ್ನುವುದನ್ನು ಬರೆಯಬೇಕು.

ಐದನೇ ಹೆಜ್ಜೆ: ಮಾತಾಡುವ ಮುಂಚೆ ಬರೆದುಕೊಳ್ಳಿ

ಈ ಮಾರ್ಗದರ್ಶಿಯಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಶುರುವಿನಲ್ಲಿ ಒಂದು ಸಲ ಕಂಡಕ್ಟರ್ ಗೆಳೆಯ ಮೊದಲ ತುತ್ತಿಗೇ "ಲೋ, ಉಪ್ಪು ಜಾಸ್ತಿ ಕಣ್ರೋ" ಅಂದ. ನಮ್ಮೆಲ್ಲರಿಗೂ ಉಪ್ಪು ಜಾಸ್ತಿಯಾಗಿಯೇ ಕಂಡಿತು, ಹಾಗೇ ಬರೆದೆವು. ಆಮೇಲೆ ಗೊತ್ತಾಯಿತು, ಅವನ ತಾಯಿಗೆ ಬಿಪಿ, ಮನೆಯಲ್ಲಿ ಎಲ್ಲರಿಗೂ ಸಪ್ಪೆ ಅಡುಗೆ. ಅವನ ಒಂದು ಮಾತು ನಾಲ್ಕು ನಾಲಿಗೆಗಳನ್ನು ತಿರುಗಿಸಿತ್ತು. ಈಗ ಮೂರು ತುತ್ತು ತಿನ್ನುವವರೆಗೆ ಯಾರೂ ರುಚಿಯ ಬಗ್ಗೆ ಬಾಯಿ ಬಿಡುವುದಿಲ್ಲ. ಅವರವರ ಮೊಬೈಲಿನಲ್ಲಿ ಎರಡು ಸಾಲು ಬರೆದುಕೊಂಡ ಮೇಲೆ ಮಾತು.

ಏನನ್ನು ನೋಡಬೇಕು? ತಟ್ಟೆ ಇಡ್ಲಿಯಿಂದಲೇ ಶುರು ಮಾಡೋಣ. ಬೆರಳಲ್ಲಿ ಒತ್ತಿದರೆ ತಗ್ಗಾಗಿ ಮತ್ತೆ ಮೇಲೇಳಬೇಕು. ನಡುವೆ ಮುರಿದು ನೋಡಿ: ಅಗಲವಾಗಿ, ದಪ್ಪಗೆ ಹುಯ್ದಿರುವುದರಿಂದ ಅಂಚು ಬೆಂದು ನಡುವೆ ಹಸಿ ಉಳಿಯುವ ಸಂಭವ ಇದೆ. ಹಿಟ್ಟು ಚೆನ್ನಾಗಿ ಹುದುಗಿದ್ದರೆ ಸಣ್ಣಗೆ ಹುಳಿ ವಾಸನೆ ಬರುತ್ತದೆ. ಸೋಡಾ ಜಾಸ್ತಿಯಾಗಿದ್ದರೆ ನುಂಗಿದ ಮೇಲೆ ಸೋಪಿನಂಥ ಒಗರು ಉಳಿಯುತ್ತದೆ. ಅವಲಕ್ಕಿಯೋ ಸಬ್ಬಕ್ಕಿಯೋ ಅನ್ನವೋ ಸೇರಿಸಿ ರುಬ್ಬಿದ ಇಡ್ಲಿ ಮೆತ್ತಗಿರುತ್ತದೆ, ಅದು ಮೋಸ ಅಲ್ಲ, ಪದ್ಧತಿ. ನಮ್ಮ ಕಡೆ ತಟ್ಟೆ ಇಡ್ಲಿಗೆ ಜೋಡಿ ಚಟ್ನಿ, ಮೇಲೊಂದು ಬೆಣ್ಣೆ. ಸಾಂಬಾರ್ ಕೊಡಲಿಲ್ಲ ಅಂತ ಸ್ಟಾರ್ ಕಿತ್ತುಕೊಳ್ಳಬೇಡಿ. ಇಡ್ಲಿ ಬಟ್ಟೆಯ ಮೇಲೆ ಬೆಂದದ್ದೋ ಪ್ಲಾಸ್ಟಿಕ್ ಹಾಳೆಯ ಮೇಲೋ ಅನ್ನುವುದನ್ನು ಮಾತ್ರ ಗಮನಿಸಲೇಬೇಕು. 2025ರ ಫೆಬ್ರವರಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳ ಪರಿಶೀಲನೆಯಲ್ಲಿ ಕೆಲವು ಹೋಟೆಲುಗಳು ಪ್ಲಾಸ್ಟಿಕ್ ಹಾಳೆ ಬಳಸುವುದು ಕಂಡುಬಂದು, ಸರ್ಕಾರ ಅದನ್ನು ನಿಷೇಧಿಸುವುದಾಗಿ ಹೇಳಿತು. ಬಟ್ಟೆಯ ಮೇಲೆ ಬೆಂದ ಇಡ್ಲಿಯ ಅಡಿಯಲ್ಲಿ ನೇಯ್ಗೆಯ ಗುರುತು ಇರುತ್ತದೆ. ನುಣ್ಣಗಿದ್ದರೆ ತಕ್ಷಣ ಪ್ಲಾಸ್ಟಿಕ್ ಅನ್ನಬೇಡಿ, ಎಣ್ಣೆ ಸವರಿದ ತಟ್ಟೆಯಲ್ಲೂ ನುಣ್ಣಗೇ ಬರುತ್ತದೆ. ಕೇಳಿ, ಆಗುವುದಾದರೆ ನೋಡಿ.

ಚಟ್ನಿಗೆ ಬಂದರೆ, ತಿಪಟೂರು ಕಡೆಯ ತೆಂಗು ಪಕ್ಕದಲ್ಲೇ ಇರುವ ಊರು ನಮ್ಮದು. ಕಾಯಿ ಬೆಲೆ ಏರಿದಾಗ ಚಟ್ನಿಯಲ್ಲಿ ಹುರಿಗಡಲೆ ಏರುತ್ತದೆ. ಆಗ ಅದು ಹಿಟ್ಟಿನ ಹಾಗೆ ನಾಲಿಗೆಗೆ ಅಂಟುತ್ತದೆ. ಬೇಸಿಗೆಯಲ್ಲಿ ಕಾಯಿ ಚಟ್ನಿ ಬೇಗ ಹಳಸುವುದರಿಂದ ಹತ್ತು ಗಂಟೆಯ ಮೇಲೆ ತಿನ್ನುವ ಮುಂಚೆ ಮೂಸಿ ನೋಡಿ.

ಮುದ್ದೆಯನ್ನು ಮುರಿದಾಗ ಒಳಗಿನಿಂದ ಹಬೆ ಬರಬೇಕು, ಬಿಳಿ ಹಿಟ್ಟಿನ ಗಂಟು ಕಾಣಬಾರದು, ಕೈಗೆ ಮೆತ್ತಬಾರದು. ಮೇಲೆ ಸಿಪ್ಪೆ ಕಟ್ಟಿದ್ದರೆ ತೊಳಸಿ ಇಟ್ಟು ಬಹಳ ಹೊತ್ತಾಗಿದೆ. ಹೊರಊರಿನ ಗೆಳೆಯರು ಜೊತೆಗಿದ್ದರೆ ಅಗಿಯಬಾರದು, ಸಾರಲ್ಲಿ ಅದ್ದಿ ನುಂಗಬೇಕು ಅಂತ ಮೊದಲೇ ಹೇಳಿಕೊಡಿ. ಇಲ್ಲದಿದ್ದರೆ ಅವರು ಬರೆಯುವುದು ಮುದ್ದೆಯ ವಿಮರ್ಶೆ ಆಗುವುದಿಲ್ಲ. ಬಸ್ಸಾರಿನಲ್ಲಿ ಬೇಯಿಸಿ ಬಸಿದ ಸೊಪ್ಪು ಕಾಳಿನ ಕಟ್ಟಿನ ರುಚಿ ಇರಬೇಕು, ಬರೀ ಹುಣಸೆಹಣ್ಣು ಮತ್ತು ಖಾರದಪುಡಿ ಗೊತ್ತಾದರೆ ಅದು ಬಸ್ಸಾರಲ್ಲ. ಮಸ್ಸೊಪ್ಪಿನಲ್ಲಿ ಸೊಪ್ಪು ಮಸೆದಿರಬೇಕು, ಮಿಕ್ಸಿಯಲ್ಲಿ ಗಂಧದ ಹಾಗೆ ಅರೆದಿರಬಾರದು. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಕಾಲ. ಆಗ ಹಿತಕಿದಬೇಳೆ ಸಾರು ಸಿಕ್ಕರೆ ಉಳಿದದ್ದೆಲ್ಲ ಬಿಟ್ಟು ಅದನ್ನು ತರಿಸಿ.

ಬೋರ್ಡಿನಲ್ಲಿ ನಾಟಿ ಕೋಳಿ ಅಂತ ಇದ್ದು ತಟ್ಟೆಗೆ ಬಾಯ್ಲರ್ ಬಿದ್ದಿದ್ದರೆ ಮೂಳೆ ಹೇಳುತ್ತದೆ. ನಾಟಿಯ ಮೂಳೆ ಗಟ್ಟಿ, ಮಾಂಸ ನಾರುನಾರು, ಬೇಯಲು ಹೊತ್ತು ಬೇಕು. ಬೆರಳು ತಾಗಿಸಿದರೆ ಮಾಂಸ ಕಳಚಿ ಬೀಳುತ್ತಿದ್ದರೆ ಅನುಮಾನಪಡಿ.

ಕರಿದದ್ದಕ್ಕೆ ಮೂಗೇ ಸಾಕು. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದರೆ ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಕೆಟ್ಟಾಗ ಹುಟ್ಟುವ ಅಂಶಗಳು, ಹೆಚ್ಚುತ್ತವೆ. ಅವು ಶೇ. 25 ದಾಟಿದ ಎಣ್ಣೆ ಬಳಸಬಾರದು ಅಂತ 2018ರ ಜುಲೈಯಿಂದ ನಿಯಮ ಇದೆ. ಅದನ್ನು ಅಳೆಯುವ ಯಂತ್ರ ನಮ್ಮ ಕೈಯಲ್ಲಿ ಇರುವುದಿಲ್ಲ, ಆದರೆ ಕಮಟು ವಾಸನೆ, ಗಂಟಲಲ್ಲಿ ಕೆರೆತ ಯಾರಿಗೂ ಗೊತ್ತಾಗುತ್ತದೆ. ಸಂಜೆ ಗೋಬಿ ತಿನ್ನುವವರು ಬಣ್ಣ ನೋಡಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಅದು ಬಂತು. ಬೆರಳಿಗೆ ಹತ್ತಿ, ತೊಳೆದರೂ ಹೋಗದ ಕೆಂಪು ಕಂಡರೆ ಕಂಡಷ್ಟನ್ನೇ ಬರೆದುಕೊಳ್ಳಿ.

ಕಾಫಿಯನ್ನು ಕೊನೆಗೆ ಕುಡಿಯಿರಿ, ಬೈಟು ಆದರೂ ಪರವಾಗಿಲ್ಲ. ಅರ್ಧ ಬಿಸಿ ಇರುವಾಗ, ಅರ್ಧ ಆರಿದ ಮೇಲೆ. ಚಿಕೋರಿ ಜಾಸ್ತಿ ಇದ್ದರೆ ಆರಿದ ಮೇಲೆ ತಿಳಿಯುತ್ತದೆ.

ಆರನೇ ಹೆಜ್ಜೆ: ಸುತ್ತಮುತ್ತ ಕಣ್ಣು

ಕೈ ತೊಳೆಯುವ ಜಾಗ ಮೊದಲು. ಅಲ್ಲಿ ಸೋಪು, ನೀರು, ಒಣಗಿದ ನೆಲ ಇದ್ದರೆ ಒಳಗಿನ ಅಡುಗೆಮನೆಯ ಬಗ್ಗೆಯೂ ಧೈರ್ಯ ಬರುತ್ತದೆ. ಟೇಬಲ್ ಒರೆಸುವ ಬಟ್ಟೆ, ಚಮಚ ಅದ್ದಿಟ್ಟ ಬಿಸಿನೀರು, ಕುಡಿಯುವ ನೀರಿನ ಜಗ್ಗು, ಹೆಂಗಸರು ಹೋಗಬಹುದಾದ ಶೌಚಾಲಯ. ಬ್ಯಾಂಕಿನ ಗೆಳತಿ ಈ ಕೊನೆಯದನ್ನು ಪ್ರತಿ ಸಲ ಬರೆಸುತ್ತಾಳೆ, ಅವಳು ಸೇರುವವರೆಗೆ ನಮಗೆ ಅದು ಹೊಳೆದೇ ಇರಲಿಲ್ಲ. ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಸಂಖ್ಯೆ ಇರಬೇಕು, 14 ಅಂಕಿಯದು. 2022ರ ಜನವರಿ 1ರಿಂದ ಬಿಲ್ಲಿನಲ್ಲೂ ಅದನ್ನು ಮುದ್ರಿಸುವುದು ಕಡ್ಡಾಯ.

ಏಳನೇ ಹೆಜ್ಜೆ: ಬಿಲ್ಲು

ಬಿಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಸಾಮಾನ್ಯ ಹೋಟೆಲಿನಲ್ಲಿ ಜಿಎಸ್‌ಟಿ ಶೇ. 5. ಕಾಂಪೊಸಿಷನ್ ಪದ್ಧತಿಗೆ ಸೇರಿದ, ಅಂದರೆ ಒಟ್ಟು ವ್ಯಾಪಾರದ ಮೇಲೆ ತಾವೇ ತೆರಿಗೆ ಕಟ್ಟುವ ಸಣ್ಣ ಹೋಟೆಲುಗಳು ಗಿರಾಕಿಯಿಂದ ಬೇರೆಯಾಗಿ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಸೇವಾ ಶುಲ್ಕ ಅಂತ ಸೇರಿಸಿದ್ದರೆ ತೆಗೆಸಬಹುದು: ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಜಗಳ ಬೇಡ, ಮೆತ್ತಗೆ ಕೇಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಗೆಳೆಯರ ನಡುವೆ ಸಮಪಾಲು ಮಾಡುವಾಗ ಬರೀ ಮೊಸರನ್ನ ತಿಂದವನಿಂದ ಚಾಪ್ಸಿನ ಪಾಲು ಕೇಳಬೇಡಿ. ಮಾಂಸದ ಲೆಕ್ಕ ಬೇರೆ ಮಾಡಿ ಫೋನ್‌ಪೇ ಮಾಡಿಸಿಕೊಂಡರೆ ಮುಗಿಯಿತು.

ಎಂಟನೇ ಹೆಜ್ಜೆ: ಬರೆಯುವುದು

ಅವತ್ತು ರಾತ್ರಿಯೇ ಬರೆಯಿರಿ. ಐದು ಜನರ ಟಿಪ್ಪಣಿಯನ್ನು ಒಬ್ಬರು ಜೋಡಿಸಲಿ, ಸರದಿಯ ಮೇಲೆ. ಭಿನ್ನಾಭಿಪ್ರಾಯ ಬಂದರೆ ಸರಾಸರಿ ತೆಗೆಯಬೇಡಿ. "ಮೂವರಿಗೆ ಸಾರು ಖಾರ ಅನ್ನಿಸಿತು, ಇಬ್ಬರಿಗೆ ಹಿತವಾಗಿತ್ತು" ಅನ್ನುವುದು ಓದುವವನಿಗೆ ಮೂರೂವರೆ ಸ್ಟಾರಿಗಿಂತ ಹೆಚ್ಚು ತಿಳಿಸುತ್ತದೆ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವ ಎರಡು ಪದ ಬಿಟ್ಟು ಬರೆಯಲು ಪ್ರಯತ್ನಿಸಿ. ಕೈ ತಾನಾಗಿ ಗರಿಗರಿ, ಒಗರು, ಸಪ್ಪೆ, ಜಿಡ್ಡು, ಘಮ, ನಾರು ಅನ್ನುವ ಕಡೆ ಹೋಗುತ್ತದೆ. ರುಚಿಗೆ ಕನ್ನಡದಲ್ಲಿ ಪದಗಳಿಗೆ ಬರವಿಲ್ಲ.

ಕಾಣದ್ದನ್ನು ಬರೆಯಬೇಡಿ. "ಹಳೇ ಮಾಂಸ ಹಾಕ್ತಾರೆ" ಅನ್ನಲು ನೀವು ಅಡುಗೆಮನೆಯಲ್ಲಿ ಇರಲಿಲ್ಲ. "ಮಾಂಸದಿಂದ ವಾಸನೆ ಬಂತು, ನಾಲ್ವರೂ ತಿನ್ನದೆ ಬಿಟ್ಟೆವು" ಅಂದರೆ ಅದು ನಿಮ್ಮ ಅನುಭವ. ಸುಳ್ಳು ಆರೋಪ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನನಷ್ಟ ಆಗಬಹುದು. ಕಾನೂನಿಗಿಂತ ಮುಂಚೆ, ಅದರಿಂದ ಒಂದು ಮನೆಯ ಅನ್ನ ಹೋಗುತ್ತದೆ. ಸಪ್ಲೈಯರ್ ಹೆಸರು ಹಾಕಿ ದೂರಬೇಡಿ, ಕೆಲಸ ಕಳೆದುಕೊಳ್ಳುವವನು ಅವನು. ಹೋಟೆಲು ಯಾವ ಜಾತಿಯವರದು ಅನ್ನುವುದಂತೂ ರುಚಿಯ ವಿಷಯವೇ ಅಲ್ಲ. ಫೋಟೋದಲ್ಲಿ ಬೇರೆ ಗಿರಾಕಿಗಳ ಮುಖ ಬರದಿರಲಿ. ದುಡ್ಡು ತಗೊಂಡು ಬರೆಯುವವರ ಕಾಟಕ್ಕೇ 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ವಿಮರ್ಶೆಗಳಿಗೆ ಐಎಸ್ 19000 ಎಂಬ ಮಾನಕ ತಂದಿದ್ದು. ಅಂಥವರ ಸಾಲಿಗೆ ನೀವು ಸೇರಬೇಡಿ.

ಕೆಟ್ಟದ್ದು ಬರೆಯಬೇಕಾಗಿ ಬಂದರೆ ಇನ್ನೊಂದು ಸಲ ಹೋಗಿ ಬಂದು ಬರೆಯಿರಿ. ಇಬ್ಬರೇ ಹೋದರೂ ಸಾಕು. ಹೊಟ್ಟೆ ಕೆಟ್ಟಿದ್ದರೆ, ಊಟದಲ್ಲಿ ಹುಳ ಬಂದಿದ್ದರೆ ಮಾತು ಬೇರೆ. ಅಲ್ಲೇ ಯಜಮಾನರಿಗೆ ತೋರಿಸಿ, ಆಮೇಲೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ.

ನಮ್ಮದೊಂದು ವಿಮರ್ಶೆಯನ್ನು ಹೋಟೆಲಿನ ಹೆಸರು ತೆಗೆದು ಮಾದರಿಗೆ ಕೊಡುತ್ತಿದ್ದೇನೆ:

"ಬುಧವಾರ, ಮಧ್ಯಾಹ್ನ ಒಂದು ಗಂಟೆ, ಐದು ಜನ. ಮುದ್ದೆ ಬಿಸಿ, ಗಂಟಿಲ್ಲ. ನಾಟಿ ಕೋಳಿ ಸಾರಿನಲ್ಲಿ ಧನಿಯ ಮುಂದೆ, ಮೆಣಸು ಹಿಂದೆ. ಒಬ್ಬರಿಗೆ ಖಾರ ಜಾಸ್ತಿ ಆಯಿತು. ಮೇಷ್ಟ್ರು ತಿಂದ ಸೊಪ್ಪಿನ ಸಾರು ಸಪ್ಪೆ, ಸಸ್ಯಾಹಾರಿಗಳು ಇಲ್ಲಿಗೆ ಅಂತಲೇ ಬರುವ ಅಗತ್ಯ ಇಲ್ಲ. ಚಾಪ್ಸ್ ಎರಡನೇ ಸಲ ಕೇಳುವಷ್ಟರಲ್ಲಿ ಮುಗಿದಿತ್ತು, ಒಂದಕ್ಕೆ ಮುಂಚೆ ಹೋಗಿ. ಕೈ ತೊಳೆಯುವ ಕಡೆ ಸೋಪು ಇರಲಿಲ್ಲ, ಹೇಳಿದ ಮೇಲೆ ತಂದಿಟ್ಟರು. ಹೆಂಗಸರಿಗೆ ಶೌಚಾಲಯ ಇಲ್ಲ. ಬಿಲ್ ಸರಿಯಾಗಿತ್ತು, ಫೋಟೋ ಹಾಕಿದ್ದೇವೆ."

ಒಂಬತ್ತನೇ ಹೆಜ್ಜೆ: ಮತ್ತೆ ಹೋಗಿ

ಅಡುಗೆ ಭಟ್ಟರು ಬದಲಾಗುತ್ತಾರೆ, ಕಾಯಿ ಬೆಲೆ ಏರುತ್ತದೆ, ಮಗನ ಕೈಗೆ ಗಲ್ಲಾ ಬರುತ್ತದೆ. ಆರು ತಿಂಗಳಿಗೊಮ್ಮೆ ಹಳೇ ಪಟ್ಟಿಯಿಂದ ಒಂದು ಹೋಟೆಲನ್ನು ಎತ್ತಿಕೊಂಡು ಹೋಗಿ, ಹಳೆಯದನ್ನು ಅಳಿಸದೆ ಕೆಳಗೆ ತಾರೀಕು ಹಾಕಿ ಹೊಸದನ್ನು ಸೇರಿಸಿ. ಮೇಲಿನ ಹೋಟೆಲಿಗೆ ಮೊನ್ನೆ ಮತ್ತೆ ಹೋಗಿದ್ದೆವು. ಸೇರಿಸಿದ ಸಾಲು ಇಷ್ಟು: "ಸೋಪು ಇದೆ. ಸೊಪ್ಪಿನ ಸಾರಿಗೆ ಈ ಸಲ ಉಪ್ಪು ಹುಳಿ ಹಿಡಿದಿದೆ, ಮೇಷ್ಟ್ರು ಎರಡನೇ ಮುದ್ದೆ ಹಾಕಿಸಿಕೊಂಡರು."